ಚೌಕಾಬಾರಕ್ಕೊಂದು ಪ್ರೋಗ್ರಾಂ: ಸಂಭವನೀಯತೆಯ ಪಾಠಕ್ಕೆ ಪೂರ್ವಸಿದ್ಧತೆ

ಹತ್ತನೇ ತರಗತಿಯಲ್ಲಿ ಸಂಭವನೀಯತೆಯ ಅಧ್ಯಾಯ ಬೋಧಿಸಲು ಹೊರಟಾಗ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ನಾಣ್ಯ, ದಾಳ, ಇಸ್ಪೀಟೆಲೆ ಈ ಮೂರನ್ನೇ ಹಿಡಿದುಕೊಂಡು ಹೋಗುತ್ತೇವೆ. ಪಠ್ಯಪುಸ್ತಕದಲ್ಲಿ ಇರುವುದೂ ಅವೇ. ಇಸ್ಪೀಟಿನ 52 ಎಲೆಗಳಲ್ಲಿ ಕೆಂಪೆಷ್ಟು, ಕಪ್ಪೆಷ್ಟು, ರಾಜ ರಾಣಿಯರೆಷ್ಟು ಎಂದು ಗೊತ್ತಿಲ್ಲದ ಮಕ್ಕಳಿಗೆ ಮೊದಲ ಹತ್ತು ನಿಮಿಷ ಇಸ್ಪೀಟು ಕಲಿಸಿ, ಉಳಿದ ಹೊತ್ತಿನಲ್ಲಿ ಗಣಿತ ಕಲಿಸಬೇಕಾಗುತ್ತದೆ. ಆದರೆ ಕುಮಟಾ ತಾಲ್ಲೂಕಿನ ನಮ್ಮ ಹೊಳನಗದ್ದೆಯ ಕಡೆಯ ಬಹಳಷ್ಟು ಮಕ್ಕಳಿಗೆ ಶಾಲೆಯಲ್ಲಿ ಕಲಿಸದೆಯೇ ಬರುವ ಆಟವೊಂದಿದೆ. ಅದು ನಾಲ್ಕು ಕವಡೆಗಳ ಚೌಕಾಬಾರ. ಮಳೆಗಾಲದಲ್ಲಿ ಜಗುಲಿಯ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆ ಬರೆದುಕೊಂಡರೆ ಒಂದು ಮಧ್ಯಾಹ್ನ ಕಳೆಯಿತು ಎಂದೇ ಲೆಕ್ಕ.

ಈ ಆಟವನ್ನು ಕಂಪ್ಯೂಟರಿನಲ್ಲಿ ಬರೆಯುತ್ತ ಸಂಭವನೀಯತೆಯ ಪಾಠಕ್ಕೆ ನಾನು ಸಿದ್ಧಳಾದ ಬಗೆಯನ್ನು ಇಲ್ಲಿ ವಿವರಿಸುತ್ತೇನೆ. ಪ್ರೋಗ್ರಾಂ ಎಲ್ಲಿ ನೆರವಿಗೆ ಬಂತು ಎಂಬುದರಷ್ಟೇ ಅದು ಎಲ್ಲಿ ನೆರವಿಗೆ ಬರಲಾರದು ಎಂಬುದೂ ಮುಖ್ಯ. ಪಾಠದ ಜೀವ ಇದ್ದದ್ದು ಆ ಎರಡನೆಯದರಲ್ಲಿ.

ಆಟ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುವುದಾದರೆ, ಐದು ಸಾಲು, ಐದು ಕಂಬದ ಚೌಕ. ನಾಲ್ಕು ಬದಿಗಳ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆ ಹಾಕಿರುತ್ತದೆ. ಅವು ಕಟ್ಟೆಗಳು, ಅಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ. ಪ್ರತಿ ಆಟಗಾರನಿಗೆ ನಾಲ್ಕು ಕಾಯಿ. ಹೊರಸುತ್ತಿನ 16 ಮನೆಗಳನ್ನು ಅಪ್ರದಕ್ಷಿಣವಾಗಿ ಸುತ್ತಿ, ಒಳಸುತ್ತಿನ 8 ಮನೆಗಳನ್ನು ಪ್ರದಕ್ಷಿಣವಾಗಿ ಸುತ್ತಿ, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಕವಡೆ ಎಸೆದಾಗ ಎಷ್ಟು ಅಂಗಾತ ಬಿದ್ದವೋ, ಅಂದರೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಗರ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಸೊನ್ನೆಯಲ್ಲ, ಬಾರ, ಎಂಟು. ಚೌಕ ಅಥವಾ ಬಾರ ಬಿದ್ದವರಿಗೆ ಮತ್ತೊಂದು ಎಸೆತ. ಕರ್ನಾಟಕದ ಬೇರೆ ಬೇರೆ ಕಡೆ ಇದಕ್ಕೆ ಕಟ್ಟೆಮನೆ, ಚಕಾರ ಮೊದಲಾದ ಹೆಸರುಗಳಿವೆ. ತೆಲುಗರು ಅಷ್ಟಾಚೆಮ್ಮ ಎನ್ನುತ್ತಾರೆ. ಇಂಥ ಆಟಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಎಷ್ಟು ಒಲವಿತ್ತೆಂದರೆ, ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗಾಗಿಯೇ ಕೌತುಕನಿಧಿ ಎಂಬ ಭಾಗವಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾಕೌಶಲ್ಯ ಎಂಬ ಪ್ರದರ್ಶನದ ಮೂಲಕ ಈ ಹಳೆಯ ಹಲಗೆಯಾಟಗಳನ್ನು ಮತ್ತೆ ಜನರ ಕೈಗೆ ತಲುಪಿಸುತ್ತ ಬಂದಿದ್ದಾರೆ.

ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದ ಸಿ ಭಾಷೆಯ ಅಭ್ಯಾಸಗಳು ಮುಗಿದ ಮೇಲೂ ನಾನು ಪ್ರೋಗ್ರಾಂ ಬರೆಯುತ್ತ ಕೂರುತ್ತಿದ್ದೆ. ಮಾಯಾಚೌಕ, ಅವಿಭಾಜ್ಯ ಸಂಖ್ಯೆಗಳು, ನಕ್ಷತ್ರಗಳಿಂದ ಮಾಡಿದ ತ್ರಿಕೋನ, ಹೀಗೆ ಯಾರೂ ಕೇಳದ, ಅಂಕವೂ ಸಿಗದ ಕೆಲಸ. ಬಿ.ಇಡಿ. ಸೇರಿದ ಮೇಲೆ ಸೂಕ್ಷ್ಮಬೋಧನೆ, ಪಾಠಯೋಜನೆ, ದಾಖಲೆ ಪುಸ್ತಕಗಳ ನಡುವೆ ಲ್ಯಾಪ್‌ಟಾಪ್ ಬರೀ ಬೆರಳಚ್ಚು ಯಂತ್ರವಾಗಿತ್ತು. ಅಭ್ಯಾಸ ಬೋಧನೆಯಲ್ಲಿ ಸಂಭವನೀಯತೆಯ ಘಟಕ ನನ್ನ ಪಾಲಿಗೆ ಬಂದಾಗ ಹಳೆಯ ಹವ್ಯಾಸಕ್ಕೆ ಒಂದು ನೆಪ ಸಿಕ್ಕಿತು. ಈ ಸಲ ಪೈಥಾನ್ ಭಾಷೆ ಆರಿಸಿಕೊಂಡೆ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಪ್ರೋಗ್ರಾಮಿನೊಳಗಿನ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಭಾಷೆಯ ಮೂಲ ಆಜ್ಞೆಗಳು ಇಂಗ್ಲಿಷಿನವೇ ಆದರೂ ನಾವು ಸೃಷ್ಟಿಸುವ ಹೆಸರುಗಳು ನಮ್ಮವು. ಗರ, ಕಾಯಿ, ಮನೆ, ಕಟ್ಟೆ, ಹಣ್ಣು ಎಂದು ಹೆಸರಿಟ್ಟು ಬರೆದೆ. ಮುಂದೆ ಮಕ್ಕಳು ಪರದೆಯ ಮೇಲೆ ‘ಕಟ್ಟೆ’ ಎಂದು ಓದಿ, ಅಲ್ಲಿ ಏನು ನಡೆಯುತ್ತಿದೆ ಎಂದು ಅರ್ಧದಷ್ಟು ತಾವೇ ಹೇಳಿದರು. ಗಣಕ ವಿಷಯ ಬೋಧಿಸುವ ಸಹಪಾಠಿಗಳು ಇದನ್ನು ಪ್ರಯತ್ನಿಸಿ ನೋಡಬಹುದು.

ಬರೆಯಲು ಕೂತ ಮೊದಲ ಗಂಟೆಯಲ್ಲೇ ಗೊತ್ತಾದ ಸಂಗತಿ: ಆಟ ಆಡಲು ಬರುವುದು ಬೇರೆ, ಆಟ ಹೇಳಲು ಬರುವುದು ಬೇರೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ನಮ್ಮ ಮನೆಯ ನಿಯಮ. ಸರಿ, ಕಡಿಯದ ಕಾಯಿ ಹೊರಸುತ್ತಿನ ಕೊನೆಯ ಮನೆ ತಲುಪಿದರೆ ಮುಂದೇನು? ಅಲ್ಲೇ ನಿಲ್ಲಬೇಕೋ, ಇನ್ನೊಂದು ಸುತ್ತು ಹೊಡೆಯಬೇಕೋ? ಸತತ ಮೂರು ಸಲ ಬಾರ ಬಿದ್ದರೆ ಗರ ರದ್ದಾಗುತ್ತದೆಯೋ ಇಲ್ಲವೋ? ಕಡಿದವರಿಗೆ ಇನ್ನೊಂದು ಎಸೆತ ಉಂಟೋ? ಪಕ್ಕದ ಮನೆಯ ದೊಡ್ಡಮ್ಮನನ್ನು ಕೇಳಿದರೆ, “ಅದನ್ನೆಂತ ಹೇಳೂದು, ಆಡ್ತಾ ಆಡ್ತಾ ಗೊತ್ತಾಗ್ತದೆ” ಎಂದರು. ಕಂಪ್ಯೂಟರಿಗೆ ಆಡ್ತಾ ಆಡ್ತಾ ಗೊತ್ತಾಗುವುದಿಲ್ಲ. ಪ್ರತಿಯೊಂದು ‘ಆದರೆ’ಗೂ ಒಂದು ಸಾಲು ಬರೆಯಬೇಕು. ಮೂರು ಮನೆಗಳಲ್ಲಿ ಕೇಳಿ ಮೂರು ಬಗೆಯ ಉತ್ತರ ಪಡೆದು, ಕೊನೆಗೆ ನಮ್ಮ ಮನೆಯ ಪದ್ಧತಿಯನ್ನೇ ಉಳಿಸಿಕೊಂಡೆ. ಪಾಠಯೋಜನೆಯಲ್ಲಿ ‘ವಿದ್ಯಾರ್ಥಿಗಳು ನಿಯಮವನ್ನು ಅರ್ಥೈಸಿಕೊಳ್ಳುತ್ತಾರೆ’ ಎಂದು ಒಂದು ಸಾಲಿನಲ್ಲಿ ಬರೆದು ದಾಟಿಬಿಡುವ ಜಾಗಗಳು ಎಷ್ಟಿರುತ್ತವೆ ಎಂದು ಅಂದು ಯೋಚಿಸಿದೆ.

ದಾರಿಯನ್ನು ಬರೆಯುವುದು ಇದಕ್ಕಿಂತ ಸುಖದ ಕೆಲಸ. ನಾಲ್ವರು ಆಟಗಾರರಿಗೆ ನಾಲ್ಕು ದಾರಿ ಬರೆಯಬೇಕಿಲ್ಲ. ನಡುಮನೆಯನ್ನು ಮೂಲಬಿಂದು (0, 0) ಎಂದಿಟ್ಟುಕೊಂಡರೆ ದಕ್ಷಿಣದ ಆಟಗಾರನ ಮನೆ (0, –2). ಅಲ್ಲಿಂದ ಬಲಕ್ಕೆ ಹೊರಟು ಹೊರಸುತ್ತು ಮುಗಿಯುವುದು (–1, –2)ರಲ್ಲಿ. ಒಳಗೆ ಕಾಲಿಡುವುದು (–1, –1)ರಲ್ಲಿ. ಒಳಸುತ್ತಿನ ಕೊನೆಯ ಮನೆ (0, –1), ಹೊರಟ ಮನೆಯ ನೇರ ಎದುರು. ಒಟ್ಟು 24 ಹೆಜ್ಜೆ. ಪೂರ್ವದ ಆಟಗಾರನಿಗೆ ಇದೇ ದಾರಿಯನ್ನು 90 ಡಿಗ್ರಿ ತಿರುಗಿಸಿದರಾಯಿತು: ಎರಡು ಅಂಕಗಳನ್ನು ಅದಲುಬದಲು ಮಾಡಿ, ಹೊಸದಾಗಿ ಮೊದಲು ಬಂದ ಅಂಕದ ಚಿಹ್ನೆ ಬದಲಿಸುವುದು. (0, –2) ಹೋಗಿ (2, 0) ಆಗುತ್ತದೆ. ಮತ್ತೆರಡು ಸಲ ಹಾಗೆಯೇ ಮಾಡಿದರೆ ಉತ್ತರ, ಪಶ್ಚಿಮದವರೂ ಸಿದ್ಧ. ನಿರ್ದೇಶಾಂಕ ರೇಖಾಗಣಿತದ ಘಟಕ ಸಿಕ್ಕವರಿಗೆ ಇದೇ ಒಂದು ಪೂರ್ತಿ ಅವಧಿಯ ಪಾಠವಾಗಬಹುದು. ನಾನು ಅತ್ತ ಹೋಗಲಿಲ್ಲ.

ಗರದ ಸಾಲಿಗೆ ಬರೋಣ. ಅಧ್ಯಾಯದ ತಿರುಳು ಇರುವುದು ಅಲ್ಲಿ.

ಪೈಥಾನಿನಲ್ಲಿ ಒಂದು ಪಟ್ಟಿ ಕೊಟ್ಟು ‘ಇದರಲ್ಲಿ ಒಂದನ್ನು ಆರಿಸು’ ಎನ್ನುವ ಆಜ್ಞೆಯಿದೆ. 1, 2, 3, 4, 8 ಎಂದು ಪಟ್ಟಿ ಕೊಟ್ಟರೆ ಪ್ರತಿಯೊಂದೂ ಐದಕ್ಕೆ ಒಂದರಂತೆ ಬರುತ್ತದೆ. ಇದನ್ನು ಮೊದಲ ಯಂತ್ರ ಎನ್ನೋಣ. ಎರಡನೆಯ ಯಂತ್ರದಲ್ಲಿ ನಾಲ್ಕು ಕವಡೆಗಳನ್ನು ಬೇರೆ ಬೇರೆಯಾಗಿ ಎಸೆಯಲಾಗುತ್ತದೆ; ಪ್ರತಿಯೊಂದೂ ಅಂಗಾತವೋ ಬೋರಲೋ, ಸಮಸಮ ಅವಕಾಶ; ಅಂಗಾತವಾದವನ್ನು ಎಣಿಸು, ಸೊನ್ನೆಯಾದರೆ ಎಂಟು ಎನ್ನು. ಸಮಸಂಭವನೀಯ ಫಲಿತಗಳು ಇಲ್ಲಿ ಐದಲ್ಲ, ಹದಿನಾರು. ಗರ 1 ಬೀಳುವ ವಿಧಾನಗಳು 4, ಗರ 2ಕ್ಕೆ 6, ಗರ 3ಕ್ಕೆ 4, ಚೌಕಕ್ಕೆ 1, ಬಾರಕ್ಕೆ 1.

ಎರಡರ ವ್ಯತ್ಯಾಸ ಸಣ್ಣದಲ್ಲ. ಎರಡನೆಯ ಯಂತ್ರದಲ್ಲಿ ಒಂದು ಎಸೆತದ ಸರಾಸರಿ ಗರ 2.5, ಮರು ಎಸೆತದ ಅವಕಾಶ ಎಂಟರಲ್ಲೊಂದು. ಮರು ಎಸೆತಗಳನ್ನೂ ಸೇರಿಸಿದರೆ ಒಂದು ಸರದಿಗೆ ಸರಾಸರಿ 20/7, ಸುಮಾರು 2.86 ಹೆಜ್ಜೆ. ಮೊದಲ ಯಂತ್ರದಲ್ಲಿ ಸರಾಸರಿ ಗರ 3.6, ಮರು ಎಸೆತದ ಅವಕಾಶ ಐದರಲ್ಲೆರಡು, ಹಾಗಾಗಿ ಸರದಿಗೆ 6 ಹೆಜ್ಜೆ. ನಾಲ್ಕು ಕಾಯಿಗಳಿಗೆ ಒಟ್ಟು 96 ಹೆಜ್ಜೆ. ಕಡಿತ, ತಡೆ ಯಾವುದನ್ನೂ ಲೆಕ್ಕಿಸದಿದ್ದರೆ ಒಂದರಲ್ಲಿ 34 ಸರದಿಗಳಷ್ಟು ಬೇಕು, ಇನ್ನೊಂದರಲ್ಲಿ 16 ಸಾಕು.

ತರಗತಿಯಲ್ಲಿ ಬೇಕೆಂದೇ ಮೊದಲ ಯಂತ್ರವನ್ನು ಮುಂದಿಟ್ಟೆ. ಸಂಭವನೀಯತೆ ಎಂಬ ಪದವನ್ನು ಹಲಗೆಯ ಮೇಲೆ ಬರೆದಿರಲಿಲ್ಲ. ನಾಲ್ಕು ಗುಂಪು, ಒಂದು ಲ್ಯಾಪ್‌ಟಾಪ್, ಆಟ ಶುರು. ಕೆಲವೇ ಸರದಿಗಳಲ್ಲಿ ಗೊಣಗಾಟ ಎದ್ದಿತು. ಅಷ್ಟಾಗಿ ಕೈ ಎತ್ತದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ, “ಟೀಚರ್, ಇದು ಮೋಸ. ಬಾರ ಹೀಂಗೆ ಬಿದ್ರೆ ಆಟ ಮುಗ್ದೇ ಹೋಗ್ತದಲ್ಲ” ಎಂದಳು. ಹಾಗಾದರೆ ಬಾರ ಎಷ್ಟು ಸಲ ಬೀಳಬೇಕು ಎಂದು ಕೇಳಿದೆ. ತರಗತಿ ಸುಮ್ಮನಾಯಿತು. ಕಡಿಮೆ ಬೀಳಬೇಕು ಎಂದು ಎಲ್ಲರಿಗೂ ಗೊತ್ತು. ಎಷ್ಟು ಕಡಿಮೆ ಎಂದು ಯಾರಿಗೂ ಗೊತ್ತಿಲ್ಲ. ಪಾಠ ಆರಂಭಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ ಎಂದು ನನ್ನ ಅನಿಸಿಕೆ. ಹದಿನಾರು ಫಲಿತಗಳನ್ನು ಹಲಗೆಯ ಮೇಲೆ ಬರೆದವರು ಮಕ್ಕಳೇ.

ಅದರಿಂದ ಆಟದ ಜಾಣತನಕ್ಕೂ ಲೆಕ್ಕ ಸಿಕ್ಕಿತು. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತರೆ ಮುಂದಿನ ಎಸೆತದಲ್ಲೇ ಕಡಿತವಾಗುವ ಸಂಭವನೀಯತೆ 6/16. ಐದು ಮನೆ ಮುಂದೆ ನಿಂತರೆ? ಐದು ಎಂಬ ಗರವೇ ಇಲ್ಲ. ಚೌಕ ಬಿದ್ದು, ಮರು ಎಸೆತದಲ್ಲಿ ಒಂದು ಬಿದ್ದು, ಎರಡನ್ನೂ ಅದೇ ಕಾಯಿಗೆ ನಡೆಸಿದರೆ ಮಾತ್ರ ಅಪಾಯ: 1/16 × 1/4, ಅಂದರೆ 1/64. ಎರಡು ಮನೆಯ ಅಪಾಯ ಇದರ 24 ಪಟ್ಟು. ಅನುಭವಿ ಆಟಗಾರರು ಐದಾರು ಮನೆ ಅಂತರ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ. ಹಣ್ಣಾಗಲು ಒಂದೇ ಮನೆ ಬಾಕಿಯಿರುವಾಗ ಪಡುವ ಪಾಡೂ ಲೆಕ್ಕಕ್ಕೆ ಸಿಗುತ್ತದೆ. ಆಗ ಸರಿಯಾಗಿ ಒಂದೇ ಬೀಳಬೇಕು. ಮರು ಎಸೆತಗಳನ್ನು ಸೇರಿಸಿದರೆ ಒಂದು ಸರದಿಯಲ್ಲಿ ಅದು ಬೀಳುವ ಸಂಭವನೀಯತೆ 2/7, ಸರಾಸರಿ ಮೂರೂವರೆ ಸರದಿಗಳ ಕಾಯುವಿಕೆ. ಈ ಎರಡನೆಯ ಲೆಕ್ಕ ಹತ್ತನೇ ತರಗತಿಗೆ ಭಾರ. ಪ್ರೋಗ್ರಾಂ ಸಾವಿರಾರು ಸಲ ಆಡಿ ತೋರಿಸಿದರೆ ಸಾಕು.

ಇಷ್ಟರಲ್ಲಿ ಪಾಠ ಮುಗಿಸಬಹುದಿತ್ತು. ನನ್ನ ಪಾಠಯೋಜನೆಯಲ್ಲಿ ಮೂರನೆಯ ಯಂತ್ರವೂ ಇತ್ತು, ಅದಕ್ಕೆ ಕಾರಣ ಕವಡೆಯ ಆಕಾರ. ನಾಣ್ಯದ ಎರಡು ಮೈಗಳೂ ಚಪ್ಪಟೆ. ಕವಡೆಯ ಬೆನ್ನು ಗುಮ್ಮಟ, ಬಾಯಿಯ ಕಡೆ ಹೆಚ್ಚುಕಡಿಮೆ ಮಟ್ಟ. ಅದು ಅಂಗಾತ ಮತ್ತು ಬೋರಲು ಸಮಸಮವಾಗಿ ಬೀಳುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಒಂದು ಕವಡೆ ಅಂಗಾತ ಬೀಳುವ ಸಂಭವನೀಯತೆ 0.5ರ ಬದಲು 0.4 ಎಂದುಕೊಳ್ಳೋಣ. ಆಗ ಬಾರದ ಸಂಭವನೀಯತೆ 0.6ನ್ನು ನಾಲ್ಕು ಸಲ ಗುಣಿಸಿದಷ್ಟು, 0.1296. ಸಮಕವಡೆಯಲ್ಲಿ ಅದು 0.0625 ಇತ್ತು, ಈಗ ಎರಡು ಪಟ್ಟಿಗೂ ಹೆಚ್ಚು. ಚೌಕ 0.0256ಕ್ಕೆ ಇಳಿಯುತ್ತದೆ. ಒಂದು ಮತ್ತು ಎರಡು ಬೀಳುವ ಅವಕಾಶಗಳು 0.3456ರಲ್ಲಿ ಸಮವಾಗುತ್ತವೆ, ಮೂರು 0.1536. ಒಂದೊಂದು ಕವಡೆಯಲ್ಲಿ ಕಾಣದಷ್ಟು ಚಿಕ್ಕ ಓರೆ, ನಾಲ್ಕು ಕೂಡಿದಾಗ ಆಟವನ್ನೇ ಬದಲಿಸುತ್ತದೆ. 0.6 ಎಂದುಕೊಂಡರೆ ಇದೇ ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗುತ್ತವೆ, ಚೌಕ ಹೆಚ್ಚಿ ಬಾರ ಅಪರೂಪವಾಗುತ್ತದೆ.

ಹಾಗಾದರೆ ನಮ್ಮ ಕವಡೆಯದು 0.4 ಆಗಿರಬಹುದೋ, 0.6 ಆಗಿರಬಹುದೋ? “ನಮ್ಮನೆ ಕವಡೆ ಬೋರಲೇ ಜಾಸ್ತಿ ಬೀಳೂದು” ಎಂದು ಒಬ್ಬ ಹುಡುಗ ಹೇಳಿದಾಗ ಇನ್ನೊಬ್ಬ, “ಕಂಪ್ಯೂಟರಿಗೇ ಕೇಳುವ ಟೀಚರ್, ಲಕ್ಷ ಸಲ ಎಸೀಲಿ” ಎಂದ. ಪಾಠದ ಅತ್ಯಂತ ಬೆಲೆಯುಳ್ಳ ಮಾತು ಇದು. ಕಂಪ್ಯೂಟರ್ ಲಕ್ಷವಲ್ಲ, ಕೋಟಿ ಸಲ ಎಸೆದರೂ ಉತ್ತರ ಸಿಗುವುದಿಲ್ಲ. ಏಕೆಂದರೆ ಅದು ಕವಡೆ ಎಸೆಯುತ್ತಿಲ್ಲ. ನಾನು ಬರೆದುಕೊಟ್ಟ ಅಂಕಿಯನ್ನು ಎಸೆಯುತ್ತಿದೆ. 0.5 ಬರೆದರೆ 0.5ರ ಸುತ್ತಲೇ ಬಂದು ನಿಲ್ಲುತ್ತದೆ, 0.4 ಬರೆದರೆ 0.4ರ ಸುತ್ತ. ‘ಕವಡೆ ಹೀಗಿದ್ದರೆ ಆಟ ಹೇಗಿರುತ್ತದೆ’ ಎಂಬುದನ್ನು ಅದು ಹೇಳಬಲ್ಲದು. ‘ಕವಡೆ ಹೇಗಿದೆ’ ಎಂಬುದನ್ನು ಹೇಳಬೇಕಾದದ್ದು ಕವಡೆಯೇ.

ಹತ್ತನೇ ತರಗತಿಯ ಪುಸ್ತಕದಲ್ಲಿ ಉಲ್ಲೇಖವಾಗುವ ಹಳೆಯ ಪ್ರಯೋಗಗಳನ್ನು ಈ ಬೆಳಕಿನಲ್ಲಿ ಓದಿಸಿದೆ. ಬಫನ್ 4040 ಸಲ ನಾಣ್ಯ ಚಿಮ್ಮಿ 2048 ಶಿರ ಪಡೆದ. ಕಾರ್ಲ್ ಪಿಯರ್ಸನ್ 24,000 ಸಲ ಚಿಮ್ಮಿದಾಗ 12,012 ಶಿರ. ಕೆರಿಕ್ 10,000 ಸಲಕ್ಕೆ 5067. ಕೆರಿಕ್ ಇದನ್ನು ಮಾಡಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಡೆನ್ಮಾರ್ಕಿನಲ್ಲಿ ಬಂಧಿಯಾಗಿದ್ದಾಗ. ಇಂದು ಕಂಪ್ಯೂಟರ್ ಕಣ್ಣುಮಿಟುಕಿಸುವುದರಲ್ಲಿ ಮಾಡುವ ಕೆಲಸಕ್ಕೆ ಇವರು ಇಷ್ಟು ಹೊತ್ತು ಏಕೆ ಕಳೆದರು ಎಂದು ಮಕ್ಕಳು ಕೇಳುವುದುಂಟು. ಅವರು ಚಿಮ್ಮಿದ್ದು ಲೋಹದ ನಾಣ್ಯವನ್ನು. ಆ ಅಂಕಿಗಳು ನಾಣ್ಯದ ಬಗ್ಗೆ ಮಾತಾಡುತ್ತವೆ, ನನ್ನ ಪ್ರೋಗ್ರಾಮಿನ ಅಂಕಿಗಳು ನನ್ನ ಊಹೆಯ ಬಗ್ಗೆ. ಪ್ರಾಯೋಗಿಕ ಸಂಭವನೀಯತೆ, ಸೈದ್ಧಾಂತಿಕ ಸಂಭವನೀಯತೆ ಎಂಬ ಎರಡು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ವ್ಯತ್ಯಾಸವನ್ನು ಹಿಡಿಸುವುದು ಲೇಸು. ‘ಫಲಿತಗಳು ಸಮಸಂಭವನೀಯವಾಗಿದ್ದರೆ’ ಎಂದು ವ್ಯಾಖ್ಯೆಯಲ್ಲಿ ಬರುವ ಷರತ್ತನ್ನು ಮಕ್ಕಳು ಓದುವಾಗ ಜಿಗಿದುಬಿಡುತ್ತಾರೆ. ನಾಣ್ಯ, ದಾಳಗಳ ಉದಾಹರಣೆಗಳಲ್ಲಿ ಅದನ್ನು ಜಿಗಿದರೂ ಉತ್ತರ ಸರಿಯೇ ಬರುತ್ತದೆ. ಕವಡೆ ಜಿಗಿಯಲು ಬಿಡುವುದಿಲ್ಲ.

ಕಂಪ್ಯೂಟರಿನ ಎಸೆತವೂ ನಿಜವಾದ ಎಸೆತವಲ್ಲ ಎಂಬುದನ್ನು ಆಸಕ್ತರಿಗೆ ಹೇಳಬಹುದು. ಪೈಥಾನ್ ಬಳಸುವುದು ಮರ್ಸೆನ್ ಟ್ವಿಸ್ಟರ್ ಎಂಬ ಗಣನಕ್ರಮ. ಜಪಾನಿನ ಮಾತ್ಸುಮೊಟೊ ಮತ್ತು ನಿಶಿಮುರಾ 1998ರಲ್ಲಿ ಪ್ರಕಟಿಸಿದ್ದು. ಆರಂಭದಲ್ಲಿ ಒಂದು ‘ಬೀಜ’ ಸಂಖ್ಯೆ ಕೊಟ್ಟರೆ ಅಲ್ಲಿಂದ ಮುಂದೆ ಎಲ್ಲವೂ ಲೆಕ್ಕದ ಪ್ರಕಾರ. ಅದೇ ಬೀಜಕ್ಕೆ ಅದೇ ಗರಗಳು, ಅದೇ ಕ್ರಮದಲ್ಲಿ. ಬೋಧಕರಿಗೆ ಇದು ಅನುಕೂಲ: ಬೆಳಗಿನ ವಿಭಾಗದಲ್ಲಿ ಬಿದ್ದ ಗರಗಳನ್ನೇ ಮಧ್ಯಾಹ್ನದ ವಿಭಾಗದಲ್ಲೂ ಬೀಳಿಸಿ ಚರ್ಚಿಸಬಹುದು. ಜಗುಲಿಯಲ್ಲಿ ಹಾಗೆ ಮಾಡಬಲ್ಲವನಿದ್ದರೆ ಅವನಿಗೆ ಶಕುನಿ ಎನ್ನುತ್ತಿದ್ದರು.

ಪಾಠ ಅವಲೋಕಿಸಿದ ಮಾರ್ಗದರ್ಶಕ ಉಪನ್ಯಾಸಕರು ಷರಾ ಕಾಲಮಿನಲ್ಲಿ ಒಂದೇ ಪ್ರಶ್ನೆ ಬರೆದರು: ನಾಲ್ಕು ಕವಡೆ, ಒಂದು ಸೀಮೆಸುಣ್ಣದಲ್ಲಿ ಆಗುವ ಪಾಠಕ್ಕೆ ಕಂಪ್ಯೂಟರ್ ಬೇಕಿತ್ತೆ? ನ್ಯಾಯವಾದ ಪ್ರಶ್ನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದ ಕೋಡಿಂಗ್ ಚಟುವಟಿಕೆ ಬೇಕೆನ್ನುತ್ತದೆ ಎಂದು ಉತ್ತರಿಸಬಹುದಿತ್ತು, ಆದರೆ ಅದು ಉತ್ತರವಾಗುವುದಿಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಬೇಕಾದದ್ದು ಮೋಸದ ಯಂತ್ರವನ್ನು ಆಡುವಷ್ಟು ಹೊತ್ತು ಮಾತ್ರ. ಕೈಯಲ್ಲಿ ಹಿಡಿದ ಕವಡೆ ಹೀಗೆ ಮೋಸ ಮಾಡಲಾರದು, ಆ ಗೊಣಗಾಟ ಏಳಬೇಕಾದರೆ ಯಂತ್ರವೇ ಬೇಕು. ಮಿಕ್ಕಂತೆ ಪ್ರೋಗ್ರಾಂ ಬೇಕಾಗಿದ್ದದ್ದು ನನಗೆ. ಬಾಲ್ಯದಿಂದ ಆಡಿದ ಆಟದಲ್ಲಿ ಅರ್ಧ ಅವಕಾಶ ಎಂಬ ಊಹೆ ಎಲ್ಲಿ ಅಡಗಿದೆ ಎಂದು ಬೆರಳಿಟ್ಟು ತೋರಿಸಿದ್ದು 0.5 ಎಂದು ಬರೆಯಬೇಕಾಗಿ ಬಂದ ಆ ಒಂದು ಸಾಲು. ಆಟವನ್ನು ಬರೆಯದೆ ಬರೀ ಆಡಿಸಿದ್ದರೆ ಮೂರನೆಯ ಯಂತ್ರ ನನ್ನ ಪಾಠಯೋಜನೆಗೆ ಬರುತ್ತಿರಲಿಲ್ಲ. ಆದ್ದರಿಂದ ಇದನ್ನು ಬೋಧನೋಪಕರಣ ಎಂದು ನಮೂದಿಸುವುದಕ್ಕಿಂತ ಪೂರ್ವಸಿದ್ಧತೆ ಎಂದು ನಮೂದಿಸುವುದೇ ಸರಿ. ಲ್ಯಾಪ್‌ಟಾಪ್ ಇಲ್ಲದ ಶಾಲೆಗೆ ಹೋಗುವ ಮಿತ್ರರು ಮೋಸದ ಯಂತ್ರದ ಬದಲು ಐದು ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಎತ್ತಿಸಬಹುದು. ಎತ್ತಿದ ಚೀಟಿಯನ್ನು ಪ್ರತಿ ಸಲ ಮತ್ತೆ ಡಬ್ಬಿಗೆ ಹಾಕಿಸಬೇಕು, ಅಷ್ಟೆ.

ಮೂರನೆಯ ಯಂತ್ರಕ್ಕೆ ನಿಜವಾದ ಅಂಕಿ ಹುಡುಕುವುದನ್ನು ಮನೆಗೆಲಸವಾಗಿ ಕೊಟ್ಟೆ. ಪ್ರತಿ ಗುಂಪು ಒಂದೇ ಕವಡೆಯನ್ನು ಹಿಡಿದು, ಒಂದೇ ಚಾಪೆಯ ಮೇಲೆ, ಒಂದೇ ಎತ್ತರದಿಂದ ನೂರು ಸಲ ಎಸೆದು ಬರೆಯಬೇಕು. ಎತ್ತರ ಬದಲಾದರೆ ಅಂಕಿ ಬದಲಾದೀತೇ ಎಂಬ ಪ್ರಶ್ನೆ ಅವರದೇ, ಆದ್ದರಿಂದ ಅದನ್ನು ಇನ್ನೊಂದು ಗುಂಪಿಗೆ ವಹಿಸಿದೆ. ಮನೆಯಲ್ಲಿ ಕವಡೆ ಇಲ್ಲದ ಒಂದು ಗುಂಪಿನವರು ಸೀಳಿದ ಹುಣಸೆಬೀಜಗಳನ್ನು ಬೆಂಕಿಪೊಟ್ಟಣದಲ್ಲಿ ತಂದರು. ಪ್ರೋಗ್ರಾಮಿನಲ್ಲಿ ಬದಲಾಯಿಸಬೇಕಾದದ್ದು ಒಂದೇ ಅಂಕಿ ಎಂದು ತೋರಿಸಿದೆ. ಆದರೆ ಬೀಜಕ್ಕೆ ಅಂಗಾತ ಎಂದರೆ ಬಿಳಿಯ ಮೈಯೋ ಕಂದು ಮೈಯೋ ಎಂಬುದರಲ್ಲಿ ಎರಡು ಮನೆಗಳ ಪದ್ಧತಿ ಎರಡು ಬಗೆ. ಆ ಗುಂಪು ಎಸೆತ ಇನ್ನೂ ಶುರುಮಾಡಿಲ್ಲ, ಅಜ್ಜಿಯಂದಿರನ್ನು ಕೇಳಿಕೊಂಡು ಬರಲು ಹೋಗಿದೆ.